ಖಾಲಿ ಜಾಗ ಕೇಳಿದ ಅಕ್ಕ

ಎದುರುಮನೆಯ ಅಕ್ಕ ಲಾರಿ ಇಟ್ಟುಕೊಂಡಿದ್ದಾರೆಂದು ನಾನು ಎರಡು ವರ್ಷ ನಂಬಿದ್ದೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತ ಫೋನಿನಲ್ಲಿ, "ಒಂದು ಕೆಟ್ಟು ನಿಂತ್ರೆ ಅದರ ಹೊರೆಯೆಲ್ಲ ಇನ್ನೊಂದು ಹೊರಬೇಕಪ್ಪ" ಎಂದು ಗದರುತ್ತಿದ್ದರು. ಮನೆ ಸಾಮಾನು ಸಾಗಿಸಲು ಬಾಡಿಗೆ ಎಷ್ಟೆಂದು ಕೇಳಿಯೂಬಿಟ್ಟೆ. ಅವರ ಅತ್ತೆ ನಕ್ಕೂ ನಕ್ಕೂ ಕೆಮ್ಮು ಬರಿಸಿಕೊಂಡರು.

ಅಕ್ಕ ನೋಡಿಕೊಳ್ಳುತ್ತಿದ್ದದ್ದು ರೈಲು ಟಿಕೆಟ್ ಕೊಡುವ ಕಂಪ್ಯೂಟರುಗಳನ್ನು. ಬೀರುವಿನಷ್ಟು ಎತ್ತರದ ಎರಡು ಮೇನ್‌ಫ್ರೇಮ್‌ಗಳು, ಜೋಡಿಯಾಗಿ ದುಡಿಯುವಂಥವು. ಅವುಗಳಿಗೆ ವಯಸ್ಸಾಗಿ ಹೊಸ ಜೋಡಿ ಬರಬೇಕಿತ್ತು. ಅದಕ್ಕೆ ಎಷ್ಟು ಮೆಮೊರಿ, ಅಂದರೆ ಕೆಲಸದ ಹೊರೆ ಹಿಡಿಸುವ ಜಾಗ, ಬೇಕೆಂದು ಬರೆದುಕೊಡುವುದು ಅಕ್ಕನ ಪಾಲಿನ ಕೆಲಸ.

ಆದರೆ ಮ್ಯಾನೇಜರು ಆಗಲೇ ತೀರ್ಪು ಕೊಟ್ಟಾಗಿತ್ತು. ಯಾರೋ ಫೋಟೊ ತೆಗೆಯುತ್ತಿದ್ದಾರೆ ಅನ್ನುವ ಹಾಗೆ ಕುರ್ಚಿಯಲ್ಲಿ ಕೂರುವವರು ಅವರು.

"ಹಳೆಯದಕ್ಕಿದ್ದಷ್ಟೇ ಸಾಕು ಮೇಡಂ."

"ಎರಡೂ ನೂರಕ್ಕೆ ಎಪ್ಪತ್ತು ಪಾಲು ತುಂಬಿವೆ ಸಾರ್."

"ಮೂವತ್ತು ಖಾಲಿ ಇದೆಯಲ್ಲ!"

"ಒಂದು ನಿಂತ್ರೆ ಅದರ ಎಪ್ಪತ್ತು ಈ ಮೂವತ್ತರೊಳಗೆ ತೂರುತ್ತಾ? ಸಾಲದ್ದಕ್ಕೆ ಹೊಸ ಯಂತ್ರದ ಸಾಫ್ಟ್‌ವೇರು ತನಗೇ ಇನ್ನಷ್ಟು ಜಾಗ ಕೇಳುತ್ತೆ."

"ಎಂಟು ವರ್ಷದ ಹಿಂದೆ ನಾನೇ ಒಂದನ್ನ ನಿಲ್ಲಿಸಿ ತೋರಿಸಿದ್ದೆ. ಏನೂ ಆಗ್ಲಿಲ್ಲ."

"ಆಗ ನಲವತ್ತೇ ತುಂಬಿತ್ತು ಸಾರ್."

ಶುಕ್ರವಾರ ಆರ್ಡರು ಹೋಗಬೇಕು. ಹಾಳೆಯ ಕೊನೆಯಲ್ಲಿ ಸಹಿ ಅಕ್ಕನದು. ಶಾಲೆಗಳಿಗೆ ರಜೆ ಬಿಟ್ಟ ದಿನ ಟಿಕೆಟ್ ನಿಂತರೆ ಊರಿನ ಬೈಗುಳವೂ ಅಕ್ಕನದೇ. ಮನೆಯಲ್ಲೂ ಅದೇ ಧ್ಯಾನ.

"ಇನ್ನೂ ಆ ಯಂತ್ರದ ಹೊಟ್ಟೆ ಅಳೀತಿದ್ದೀಯೇನೆ? ಹಾಲು ಉಕ್ಕಿ ಒಲೆಯೆಲ್ಲ ಆಯ್ತು" ಎಂದರು ಅತ್ತೆ.

"ಪಾತ್ರೆ ಚಿಕ್ಕದು ಅತ್ತೆ."

"ಅಡುಗೆಮನೆಗೂ ಒಂದು ಹಾಳೆ ಬರೆದುಕೊಡು ಹಾಗಾದ್ರೆ. ಮಗನಿಗೆ ಸಹಿ ಹಾಕೋಕೆ ಹೇಳ್ತೀನಿ."

ಬುಧವಾರ ಮ್ಯಾನೇಜರು ತೋಳು ಮಡಚಿ ಯಂತ್ರದ ಕೋಣೆಗೇ ಬಂದರು. "ಒಂದನ್ನ ನಿಲ್ಲಿಸಿ. ನೋಡೇಬಿಡೋಣ." ಅಕ್ಕ ಬೇಡವೆಂದರು, ಅವರು ಕೇಳಲಿಲ್ಲ. ಕೊನೆಗೆ ಜನ ಕಡಿಮೆಯಿರುವ ಮಧ್ಯಾಹ್ನ ಮೂರು ಗಂಟೆಗೆ ಅಕ್ಕ ಒಂದನ್ನು ಮಲಗಿಸಿದರು. ಮೊದಲ ಎರಡು ನಿಮಿಷ ಮ್ಯಾನೇಜರ ಮುಖದಲ್ಲಿ ಹಬ್ಬ. ಮೂರನೆಯ ನಿಮಿಷಕ್ಕೆ ಇನ್ನೊಂದು ಯಂತ್ರ ಏದುಸಿರು ಬಿಡತೊಡಗಿತು, ತೆರೆಯ ಮೇಲಿನ ಅಂಕಿಗಳು ಕೆಂಪಗಾದವು. ನಾಲ್ಕನೆಯ ನಿಮಿಷಕ್ಕೆ ಮ್ಯಾನೇಜರ ಫೋನು ಬಡಿದುಕೊಂಡಿತು. ಅವರ ಹೆಂಡತಿ. ದನಿ ಕೋಣೆಗೆಲ್ಲ ಕೇಳಿಸಿತು.

"ರೀ, ಸ್ಟೇಷನ್ನಿನಲ್ಲಿ ನಿಂತಿದ್ದೀನಿ, ಟಿಕೆಟ್ಟೇ ಬರ್ತಿಲ್ಲ. ನಿಮ್ಮ ಆಫೀಸಿನಲ್ಲಿ ತಲೆ ನೆಟ್ಟಗಿರೋರು ಯಾರಾದ್ರೂ ಇದ್ದಾರಾ?"

ಮ್ಯಾನೇಜರು ಅಕ್ಕನ ಮುಖ ನೋಡಿದರು. ಅಕ್ಕ ಮಲಗಿದ್ದ ಯಂತ್ರವನ್ನು ಎಬ್ಬಿಸಿದರು. ಶುಕ್ರವಾರ ಹಾಳೆ ಅಕ್ಕ ಬರೆದ ಅಂಕಿಯನ್ನೇ ಹೊತ್ತು ಹೋಯಿತು.

ಹೊಸ ಜೋಡಿ ಬಂದ ದಿನ ಮ್ಯಾನೇಜರು ಮೇಲಧಿಕಾರಿಗಳಿಗೆಲ್ಲ ತಮ್ಮ ದೂರದೃಷ್ಟಿಯನ್ನು ಬಣ್ಣಿಸಿದರು. ಆಮೇಲೆ ತೆರೆಯನ್ನೊಮ್ಮೆ ನೋಡಿ ಅಕ್ಕನ ಕಿವಿಯ ಹತ್ತಿರ ಬಗ್ಗಿದರು.

"ಅರ್ಧಕ್ಕಿಂತ ಹೆಚ್ಚು ಸುಮ್ಮನೆ ಬಿದ್ದಿದೆಯಲ್ಲ ಮೇಡಂ. ಈ ಖಾಲಿ ಜಾಗಕ್ಕೆ ಬೇರೆ ಏನಾದ್ರೂ ತುಂಬಬಹುದಾ?"

"ತುಂಬಿದ್ರೆ ಖಾಲಿ ಇರಲ್ಲ ಸಾರ್."