ಬಾಗಿ!

ಕಾಂಪೆಚೆಯ ಕಾಂಡ್ಲಾ ಕಾಡಿನ ಹಿನ್ನೀರಿನಲ್ಲಿ ದೋಣಿಗಾರ ಎವಾರಿಸ್ತೊ ಚಾಬ್ಲೆಯ "ಬಾಗಿ!" ಎಂಬ ಕೂಗು ಕೇಳದವರಿಲ್ಲ. ಗಾಳ ನುಂಗಿದ ಸಾಬಲೊ ಮೀನು ನೀರಿನಿಂದ ಆಳೆತ್ತರ ಹಾರುತ್ತದೆ. ಹಾರಿದ ಆ ಗಳಿಗೆಯಲ್ಲೇ ಗಾಳದವರು ಕೋಲು ಮುಂದೆ ಚಾಚಿ, ಸೊಂಟ ಬಗ್ಗಿಸಿ, ದಾರ ಸಡಿಲ ಬಿಡಬೇಕು. ಇಲ್ಲದಿದ್ದರೆ ದಾರ ಪಟ್ ಎನ್ನುತ್ತದೆ. ಮೋಜಿಗೆ ಗಾಳ ಹಾಕಲು ಬರುವ ಹೊಸಬರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಅವರ ಪರವಾಗಿ ಮೂವತ್ತೊಂದು ವರ್ಷ ನೋಡಿ ನೋಡಿ ಕೂಗಿದವನು ಇವನು. ಮೀನಿಗೆ ನಮಸ್ಕಾರ ಹಾಕಿಸುವವನು ಎಂದು ಊರಿನವರು ಗೇಲಿ ಮಾಡುತ್ತಿದ್ದರು.

ಆ ಕಣ್ಣೇ ಈಗ ಕೈಕೊಟ್ಟಿತ್ತು. "ನರ ಒಣಗಿದೆ, ಆಪರೇಷನ್ ಮಾಡಿದ್ರೂ ಪ್ರಯೋಜನ ಇಲ್ಲ" ಎಂದು ಮೆರಿಡಾದ ಡಾಕ್ಟರು ಕೈಚೆಲ್ಲಿದ್ದರು. ಹೆಂಡತಿಗೆ ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ, ದೋಣಿಯ ಯಜಮಾನ ದೊನ್ ಸೆವೆರೊನಿಗೂ. ಆದರೆ ನಾಲ್ಕು ಸಲ ಸಾಲಾಗಿ ಮೀನು ತಪ್ಪಿಸಿಕೊಂಡ ಮೇಲೆ ಯಜಮಾನ ಹೇಳಿಬಿಟ್ಟಿದ್ದ: "ಇವತ್ತೂ ಬರಿಗೈಲಿ ಬಂದ್ರೆ ನಾಳೆಯಿಂದ ದೋಣಿ ನನ್ನ ಅಳಿಯಂಗೆ. ಬೇಜಾರ್ ಮಾಡ್ಕೋಬೇಡಪ್ಪ."

ಬೇಜಾರಂತೆ! ದೋಣಿ ಬಿಟ್ಟರೆ ಎವಾರಿಸ್ತೊನಿಗೆ ಇನ್ನೇನು ಗೊತ್ತಿತ್ತು? ದಡದ ಮೇಲೆ ಕೂತು ಬಲೆಯ ತೂತು ಹೊಲಿಯೋಣವೆಂದರೆ ಅದಕ್ಕೂ ಕಣ್ಣೇ ಬೇಕು.

ಆ ದಿನ ಬಂದವರು ಮೊಂತೆರ್ರೆಯ ಗಂಡಹೆಂಡತಿ, ರಮೀರೊ ಮತ್ತು ಗ್ರಾಸಿಯೆಲಾ. ಇಬ್ಬರೂ ಗಾಳದ ಕೋಲು ಮುಟ್ಟಿದವರಲ್ಲ.

"ದೋಣಿಯವ್ರೇ, ಮೀನು ಕಚ್ಚುತ್ತಾ?" ಎಂದಳು ಗ್ರಾಸಿಯೆಲಾ.

"ಕಚ್ಚೋದಿರ್ಲಿ ಅಮ್ಮಾ, ಹಾರಿ ಬಂದು ತೊಡೆ ಮೇಲೆ ಕೂತ್ರೆ ಏನ್ಮಾಡ್ತೀರಿ?"

"ಇವಳನ್ನೇ ಸಾಕ್ತಿದೀನಿ, ಅದನ್ನೂ ಸಾಕಿದ್ರಾಯ್ತು ಬಿಡಿ" ಎಂದ ರಮೀರೊ.

ಎವಾರಿಸ್ತೊ ನಕ್ಕ. ದೋಣಿ ತಳ್ಳುವ ಗಳವನ್ನು ಕೆಸರಿಗೆ ಊರಿ ಕಿವಿಗೊಟ್ಟು ನಿಂತ. ಸಾಬಲೊ ಆಗಾಗ ಮೇಲೆ ಬಂದು ಗುಳುಕ್ಕೆಂದು ಗಾಳಿ ನುಂಗುತ್ತದೆ. ಕೆಲವು ತಿಂಗಳಿಂದ ಅವನು ಮೀನು ಹುಡುಕುತ್ತಿದ್ದದ್ದು ಹೀಗೆ. ಗುಳುಕ್!

"ಎಡಗಡೆ, ಆ ಬೇರಿನ ಪಕ್ಕಕ್ಕೆ ಎಸೀರಮ್ಮಾ!"

ಎಸೆದಳು. ಮೀನು ಕಚ್ಚಿತು, ದಾರ ಸರ್ರನೆ ಓಡಿತು. ಅಯ್ಯೋ, ಇನ್ನು ಕಿವಿಯಿಂದೇನೂ ಆಗುವಂತಿರಲಿಲ್ಲ. ಗಾಳಿ ಬೀಸುತ್ತಿತ್ತು, ಮೀನು ಯಾವಾಗ ಮೇಲೆದ್ದಿತೋ ಅವನಿಗೆ ತಿಳಿಯಲಿಲ್ಲ. ಧೊಪ್ ಎಂದು ಬಿದ್ದಾಗಲೇ "ಬಾಗಿ!" ಎಂದು ಅರಚಿದ. ಒಮ್ಮೆ ಹೇಗೋ ದಾರ ಉಳಿಯಿತು. ಎರಡನೆಯ ಸಲ ಧೊಪ್ ಎಂದಿತು, ಅವನು ಅರಚಿದ, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ತುಂಡಾದ ದಾರವನ್ನು ಅವನು ಬೆರಳಿನಲ್ಲಿ ತಡವಿ ನೋಡಿದ.

ದೋಣಿ ಕಟ್ಟುವ ಕಟ್ಟೆಯ ಮೇಲೆ ದೊನ್ ಸೆವೆರೊ ಕಾದು ನಿಂತಿದ್ದ. "ಏನಾಯ್ತು?"

"ಹೊಸಬ್ರು, ಬಾಗ್ಲಿಲ್ಲ." ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಎವಾರಿಸ್ತೊ ಬಂದವರ ಮೇಲೆ ತಪ್ಪು ಹೊರಿಸಿದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ಅಯ್ಯೋ, ನೀವು ಹೇಳಿದ ತಕ್ಷಣ ಬಾಗಿದ್ನಲ್ಲ!" ಎಂದಳು ಗ್ರಾಸಿಯೆಲಾ, ಪಾಪ, ಮುಗ್ಧವಾಗಿ. "ಮೀನು ನೀರಿಗೆ ಬಿದ್ದ ಮೇಲೆ ಯಾಕೆ ಬಾಗ್ಬೇಕು ಅನ್ನೋದೊಂದು ಗೊತ್ತಾಗ್ಲಿಲ್ಲ. ನಿಮ್ಮಲ್ಲಿ ಹಾಗೇನಾ?"

ಎವಾರಿಸ್ತೊ ಗಳ ಹಿಡಿದು ನಿಂತೇ ಇದ್ದ. ಯಜಮಾನ ಈಗ ಬೈಯುತ್ತಾನೆ, ಇನ್ನೇನು ಬೈಯುತ್ತಾನೆ ಎಂದು ಕಾದ.

"ಆಗ್ಲಿಂದ ಕೈ ಚಾಚ್ಕೊಂಡು ನಿಂತಿದೀನಿ" ಎಂದ ದೊನ್ ಸೆವೆರೊ ಮೆತ್ತಗೆ. "ಗಳ ಕೊಡು, ಅಣ್ಣಾ."

ಎವಾರಿಸ್ತೊ ದನಿ ಬಂದ ಕಡೆಗೆ ಗಳ ನೀಡಿದ.