ಹಿತ್ತಲಲ್ಲಿ ಮಲಗಿದ್ದ ನಾಲ್ಕು ಗಿಡಗಳು

ನಾನು ಚಿಕ್ಕವನಿದ್ದಾಗ ಒಂದು ಚಳಿಗಾಲ ನಮ್ಮ ಹಿತ್ತಲಲ್ಲಿ ನಾಲ್ಕು ಗಿಡಗಳು ಮಲಗಿದ್ದವು. ಗಿಡ ನಿಲ್ಲುತ್ತದೆ, ಮಲಗುವುದೆಲ್ಲಿ ಎಂದು ನಗಬೇಡಿ, ಮಕ್ಕಳೇ. ಆಗ ನನಗೂ ಅದು ತಿಳಿದಿರಲಿಲ್ಲ. ಈಗಲೂ ಪೂರ್ತಿ ತಿಳಿದಿದೆ ಎಂದು ಎದೆ ತಟ್ಟಿ ಹೇಳಲಾರೆ.

ಆಗ ನಾವು ಉಪ್ಪಿನಬೆಟಗೇರಿಯಲ್ಲಿದ್ದೆವು. ಅಕ್ಕನ ಗಂಡ, ಅಂದರೆ ನಮ್ಮ ಮಾವ, ಬಲು ದೂರದ ಹಿಮ ಬೀಳುವ ಬೆಟ್ಟದ ಸೀಮೆಯಲ್ಲಿ ರಸ್ತೆ ಕೆಲಸದ ಲಾರಿ ಓಡಿಸುತ್ತಿದ್ದರು. ಅಕ್ಕನನ್ನು ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಿಡಲು ಬಂದಾಗ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದ ನಾಲ್ಕು ಕೋಲುಗಳನ್ನು ತಂದರು. ಸೇಬಿನ ಸಸಿಗಳು ಎಂದರು. ಒಂದರಲ್ಲೂ ಎಲೆ ಇರಲಿಲ್ಲ. ದನ ಕಾಯುವ ಕೋಲಿಗೂ ಅವಕ್ಕೂ ನನಗೆ ವ್ಯತ್ಯಾಸವೇ ಕಾಣಲಿಲ್ಲ.

ಆ ಬೆಟ್ಟದ ಜನ ಚಳಿಗಾಲದಲ್ಲಿ ಎಳೆಯ ಹಣ್ಣಿನ ಗಿಡಗಳನ್ನು ನೆಡುವುದಿಲ್ಲ, ಮಲಗಿಸುತ್ತಾರೆ ಎಂದು ಮಾವ ಹೇಳಿದರು. ಬಿಸಿಲು ತಾಗದ ಗೋಡೆಯ ಬದಿಗೆ ತಗ್ಗು ತೋಡಿ, ಗಿಡಗಳನ್ನು ಓರೆಯಾಗಿ ಒರಗಿಸಿ, ಬೇರೂ ಅರ್ಧ ಮೈಯೂ ಮುಚ್ಚುವಂತೆ ಮಣ್ಣು ಎಳೆದು, ಮೇಲೆ ಹುಲ್ಲು ಹೊದಿಸಬೇಕು. ಚಳಿ ಹೋದ ಮೇಲೆ ಎಬ್ಬಿಸಿ ನೆಡಬೇಕು. ಅಪ್ಪ ಹಾಗೆಯೇ ಮಾಡಿದರು. ಇವು ಬದುಕಿವೆಯೋ ಇಲ್ಲವೋ ತಿಳಿಯುವುದು ಹೇಗೆಂದು ಕೇಳಿದರು. ಮಾವ ತುದಿಯಿಂದ ಒಂದು ಗೇಣು ಕೆಳಗೆ ತೊಗಟೆಯನ್ನು ಉಗುರಿನಿಂದ ತುಸು ಕೆರೆದರು. ಒಳಗೆ ಹೆಸರುಕಾಳಿನ ಹಸಿರು. ಹಸಿರಿದ್ದರೆ ಜೀವ ಇದೆ, ಕಂದಾಗಿದ್ದರೆ ಇಲ್ಲ ಎಂದು ತಿಳಿಸಿ ಅವರು ಹೊರಟುಹೋದರು.

ನನ್ನ ತಲೆ ಕೆಟ್ಟಿದ್ದು ಅಂದಿನಿಂದ. ನಮ್ಮೂರಿನಲ್ಲಿ ಬೆಳಗ್ಗೆ ಕಂಬಳಿ ಬೇಕು, ಮಧ್ಯಾಹ್ನ ಅಂಗಿಯೂ ಬೇಡ. ಈ ಗಿಡಗಳು ಯಾವುದನ್ನು ನಂಬಬೇಕು? ಅಕ್ಕನ ಹೊಟ್ಟೆಯಲ್ಲಿರುವ ಕೂಸು ಒದೆಯುತ್ತದೆ, ಹಾಗಾಗಿ ಅದು ಬದುಕಿದೆ ಎಂದು ಅವ್ವ ಹೇಳಿದ್ದಳು. ಗಿಡಗಳು ಒದೆಯುತ್ತಲೂ ಇರಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಅಂದು ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ, ಅಂದರೆ ಬೆಳೆಯ ನಡುವೆ ಅನ್ನ, ಪಲ್ಯ, ಕಡುಬುಗಳನ್ನು ಎರಚಿ ಅವಳಿಗೆ ಉಣಿಸುತ್ತಾರೆ. ಬಸುರಿ ಅಕ್ಕನಿಗೆ ಚಕ್ಕಡಿಯ ಕುಲುಕಾಟ ಬೇಡವೆಂದು ಅವಳನ್ನು ಮನೆಯಲ್ಲಿ ಬಿಟ್ಟರು. ಜೊತೆಗೆ ನಾನು. ಮನೆಯೆಲ್ಲ ಸಜ್ಜೆ ರೊಟ್ಟಿಯ, ಹುರಿದ ಎಳ್ಳಿನ ವಾಸನೆ. ಅಕ್ಕ ಮಾತ್ರ ತಾಟಿನ ಮುಂದೆ ಉಣ್ಣದೆ ಕುಳಿತಿದ್ದಳು. ಮಾವ ಹೋಗಿ ಮುಟ್ಟಿದ್ದಕ್ಕೆ ಬಂದ ಕಾಗದವೇ ಕೊನೆ, ಆಮೇಲೆ ಒಂದೂ ಬಂದಿರಲಿಲ್ಲ.

"ತಮ್ಮಾ, ಆ ಗಿಡ ಹಸರ ಇದ್ರ ಅವರೂ ಅಲ್ಲೆ ಆರಾಮ ಅದಾರ ಅಂತ ಮನಸಿನ್ಯಾಗ ಅನ್ಕೊಂಡೇನಿ. ನನಗ ಬಗ್ಗಾಕ ಆಗೂದಿಲ್ಲ. ನೀ ಒಮ್ಮಿ ಕೆರದು ನೋಡಿ ಬಾ."

ಹುಲ್ಲು ಸರಿಸಿ, ಮಾವ ತೋರಿಸಿದ ಜಾಗದಲ್ಲೇ ಉಗುರು ಇಟ್ಟೆ. ಕಂದು. ಎರಡನೆಯದರಲ್ಲೂ ಕಂದು. ನಾಲ್ಕಕ್ಕೆ ನಾಲ್ಕೂ ಕಂದು. ಗಿಡ ಸತ್ತಿದ್ದರೆ ಬೆಟ್ಟದ ಮೇಲೆ ಮಾವನಿಗೆ ಏನಾಗಿದೆ? ಒಳಗೆ ಬಂದು ಅಕ್ಕನ ಮುಖ ನೋಡಿದೆ. "ಹಸರ ಅದಾವಕ್ಕಾ" ಎಂದುಬಿಟ್ಟೆ. ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ತಾಟು ಎಳೆದುಕೊಂಡು ಉಂಡಳು, ನನಗೂ ಒಂದು ಹೋಳಿಗೆ ಕೊಟ್ಟಳು.

ಅಕ್ಕ ಅಡ್ಡಾದ ಮೇಲೆ ಮತ್ತೆ ಹಿತ್ತಲಿಗೆ ಓಡಿದೆ. ಎಲ್ಲಾದರೂ ಒಂದಿಷ್ಟು ಹಸಿರು ಸಿಕ್ಕರೆ ನನ್ನ ಸುಳ್ಳು ನಿಜವಾಗುತ್ತದಲ್ಲ ಎಂಬ ಆಸೆ. ಎರಡು ಗಿಡ ಬೇರುಸಮೇತ ಕಿತ್ತೆ. ಸತ್ತ ಗಿಡ ಕಿತ್ತರೆ ತಪ್ಪಿಲ್ಲ, ಬದುಕಿದ್ದನ್ನು ಕಿತ್ತಿದ್ದರೆ? ಯಾವುದು ಯಾವುದೆಂದು ತಿಳಿಯದೆ ಅವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತುಬಿಟ್ಟೆ. ಚಕ್ಕಡಿಯ ಎತ್ತುಗಳ ಗೆಜ್ಜೆ ಕೇಳಿದರೂ ಏಳಲಾಗಲಿಲ್ಲ.

ಅಪ್ಪ ಬಂದು ನೋಡಿದರು. ನಾನು ಅಳುತ್ತಲೇ ಎಲ್ಲ ಹೇಳಿದೆ, ಅಕ್ಕನಿಗೆ ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವ್ವನೂ ಅಕ್ಕನೂ ಬಾಗಿಲಲ್ಲಿ ನಿಂತಿದ್ದರು. ಅಪ್ಪ ಬಯ್ಯಲಿಲ್ಲ. ಒಂದು ಗಿಡ ತೆಗೆದುಕೊಂಡು, ಮಣ್ಣಿನೊಳಗಿದ್ದ ಭಾಗವನ್ನು ಕೆರೆದರು. ಹಸಿರು! ಆಮೇಲೆ ನಾನು ಕೆರೆದ ಜಾಗವನ್ನು ಬಿಸಿಲಿಗೆ ಹಿಡಿದು ನೋಡಿದರು. ಅಲ್ಲಿ ಒಂದರ ಮೇಲೊಂದು ಹತ್ತಾರು ಉಗುರಿನ ಗಾಯಗಳು ಒಣಗಿ ಕಂದಾಗಿದ್ದವು.

"ಎಷ್ಟ ಮಂದಿ ಕೆರದೀರಿ ಇಲ್ಲೆ?" ಎಂದು ಕೇಳಿ, ತಾವೇ ಮೆಲ್ಲಗೆ, "ಅದರಾಗ ನಂದೂ ಅದಾವ" ಎಂದರು.

ನೀರು ಹಾಕಲು ಹೋದಾಗ ತಾನೂ ನೋಡಿದ್ದುಂಟು ಎಂದು ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಕ್ಕ ತಲೆ ತಗ್ಗಿಸಿದಳು.

"ನಾ ದಿನಾ ನೋಡತಿದ್ದೆ. ನಾಕು ದಿನದಿಂದ ಕಂದಾಗಿ ಕಾಣಾಕತ್ತಿತ್ತು. ಮತ್ತ ನೋಡಾಕ ಧೈರ್ಯ ಆಗಲಿಲ್ಲ, ಅದಕ್ಕ ತಮ್ಮನ್ನ ಕಳಿಸಿದೆ. ಅವನ ಮಾರಿ ನೋಡಿದ ಕೂಡಲೆ ಸುಳ್ಳ ಅಂತ ಗೊತ್ತಾತು. ಹುಡುಗ ಅಂಜಬಾರದಂತ ಉಂಡೆ."

ಅಪ್ಪ ಗಿಡಗಳನ್ನು ಮತ್ತೆ ತಗ್ಗಿನಲ್ಲಿ ಮಲಗಿಸಿ ಮಣ್ಣು ಎಳೆದರು. "ಮಲಗಿದವರನ್ನ ತಾಸಿಗೊಮ್ಮಿ ಎಬ್ಬಿಸಿ, ಜೀವ ಐತೇನು ಅಂತ ಕೇಳಿದ್ರ ಅವರು ಬದುಕೂದು ಹೆಂಗ? ಶಿವರಾತ್ರಿ ತನಕ ಯಾರೂ ಮುಟ್ಟಬ್ಯಾಡ್ರಿ" ಎಂದರು. ಅವ್ವ ಬುಟ್ಟಿಯಲ್ಲಿ ಉಳಿದಿದ್ದ ಚರಗವನ್ನು ಹಿಡಿ ತುಂಬ ತಂದು ಆ ಮಣ್ಣಿನ ಮೇಲೂ ಚೆಲ್ಲಿದಳು. ಅಕ್ಕ ಅಂದು ನಕ್ಕಿದ್ದು ನನಗಿನ್ನೂ ನೆನಪಿದೆ.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಮೂರು ಕಾಗದ ಒಟ್ಟಿಗೆ ಬಂದವು. ಹಿಮ ಬಿದ್ದು ದಾರಿ ಮುಚ್ಚಿತ್ತಂತೆ, ಅಷ್ಟೇ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರಲ್ಲ, ಮರುದಿನವೇ ನಾಲ್ಕನ್ನೂ ನೆಟ್ಟೆವು. ಎರಡು ಎದ್ದವು, ಎರಡು ಏಳಲೇ ಇಲ್ಲ. ನನ್ನ ಕೈಯಿಂದ ಹೋದವೋ, ಎಲ್ಲರ ಉಗುರಿನಿಂದಲೋ ಗೊತ್ತಿಲ್ಲ. ಎದ್ದ ಎರಡಕ್ಕೂ ನಮ್ಮ ಚಳಿ ಚಳಿಯೆಂದೇ ಅನಿಸಲಿಲ್ಲವೇನೋ, ಹೊತ್ತಲ್ಲದ ಹೊತ್ತಿನಲ್ಲಿ ಹೂ ಬಿಡುತ್ತಿದ್ದವು. ಹಣ್ಣು ಮಾತ್ರ ಬಿಡಲಿಲ್ಲ.

ನಿಮಗೆ ಕೇಶ್ವಾಪುರದ ಅಂಗಡಿಯಲ್ಲಿ ವರ್ಷವಿಡೀ ಸೇಬು ಸಿಗುತ್ತದೆ. ನಿಮ್ಮ ಅಪ್ಪ ಬೆಳಗಾವಿಗೆ ಹೊರಟರೆ ಧಾರವಾಡ ದಾಟುವುದರೊಳಗೆ ಎಲ್ಲಿದ್ದೀರೆಂದು ಮೂರು ಸಲ ಫೋನಿನಲ್ಲಿ ಕೇಳಿರುತ್ತೀರಿ. ನಮಗೆ ಕೇಳಲು ಇದ್ದದ್ದು ಆ ನಾಲ್ಕು ಕೋಲುಗಳು ಮಾತ್ರ. ಇನ್ನೊಂದು ಮಾತು. ಮಾಳಿಗೆಯ ಕುಂಡದಲ್ಲಿ ನೀವು ಹೂತ ಮಾವಿನ ಗೊರಟವನ್ನು ಯಾರೋ ಅಗೆದು ನೋಡಿ ಮತ್ತೆ ಮುಚ್ಚಿದ್ದಾರೆ ಎಂದು ಮೊನ್ನೆಯಿಂದ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದೀರಿ. ಸಾಕು ಜಗಳ. ಅಗೆದದ್ದು ನಾನು.