ಕಾರ್ಟಿನ ಪೈಪಿಗೆ ಹಚ್ಚಿದ ಉಪ್ಪು

ನಾ ಅಂಜುಬುರಕಿ. ಇದನ್ನ ಮದಲ ಒಪ್ಪಿಕೊಂಡು ಬಿಡ್ತೇನಿ. ಹುನಗುಂದದ ಸಾಲ್ಯಾಗ ನಲವತ್ತು ಹುಡುಗುರನ್ನ ಬರೇ ಕಣ್ಣಿಲೆ ಕುಂದರಸಾಕಿ ನಾ. ಮನ್ಯಾಗ ನನ್ನ ದನಿ ಏರಿತಂದ್ರ ನಮ್ಮ ಮನಿಯವರು ಪೇಪರ್ ಮಡಚಿಕೊಂಡು ಹೊರಗಿನ ಕಟ್ಟಿಗೆ ಹೋಗಿ ಕುಂದ್ರತಾರ. ಇಷ್ಟೆಲ್ಲಾ ಇದ್ರೂ ಒಳಗಿಂದೊಳಗ ನಾ ಭಾಳ ಅಂಜತೇನಿ. ಸಿಟ್ಟು ಬಂದಾಗೆಲ್ಲಾ ನೋಡ್ರಿ, ಅದರ ಹಿಂದ ಯಾವುದರೆ ಒಂದು ಅಂಜಿಕಿ ಕುಂತಿರತೈತಿ. ಮಗಳು ಬಾಗಲಕೋಟಿ ಕಾಲೇಜಿನ್ಯಾಗ ಮೆಕ್ಯಾನಿಕಲ್ ಓದಾಕ ಹೋಗಿ, ಗೆಳೆಯ ಗೆಳತ್ಯಾರ ಜೋಡಿ ಕೂಡಿ ರೇಸಿನ ಕಾರ್ಟ್ ಕಟ್ಟಿ, "ಅವ್ವಾ, ಓಡಸಾಕಿ ನಾನ" ಅಂದಳಲ್ಲ, ಅವತ್ತಿಂದ ಆ ಅಂಜಿಕಿ ನನ್ನ ಹೊಟ್ಟ್ಯಾಗ ಮನಿ ಮಾಡಿತ್ತು.

"ಅಷ್ಟು ಮಂದಿ ಇರೂವಾಗ ನೀನ ಯಾಕಲೇ?" ಅಂದೆ.

"ಎಲ್ಲಾರಿಗಿಂತ ನಾ ಹಗುರ ಅದೇನವ್ವಾ. ಹಗುರ ಇದ್ರ ಗಾಡಿ ಜೋರ್ ಓಡತೈತಿ."

ನಾನ ಹೊತ್ತಹೊತ್ತಿಗೆ ತುತ್ತು ಮಾಡಿ ಉಣಸಿದ್ದೆ. ಆದ್ರೂ ಹಗುರ ಆಗ್ಯಾಳ ನೋಡ್ರಿ, ಇದಕ್ಕ ಏನಂತೀರಿ.

ಕಾರ್ಟ್ ನೋಡಿರದವರಿಗೆ ಹೇಳ್ತೇನಿ. ನಾಕು ಸಣ್ಣ ಗಾಲಿ, ಪೈಪ್ ಬೆಸದು ಮಾಡಿದ ಚೌಕಟ್ಟು, ಒಂದು ಕುರ್ಚಿ. ಬಾಗಲಿಲ್ಲ, ಮಾಳಗಿ ಇಲ್ಲ. ಕುಂತವರಿಗೆ ನೆಲ ನಾಕು ಕೈಬಟ್ಟಿನಷ್ಟ ಕೆಳಗ. ಸೊಂಟದ ಬಾಜೂಕ ಮೋಟರ್ ಸೈಕಲ್ಲಿನ ಇಂಜಿನ್ನು, ಇಂಜಿನ್ನಿಂದ ಹೊಗಿ ಬಿಡೂ ಪೈಪು ಬೆನ್ನ ಹಿಂದ ಹಾದು ಹೊರಗ ಬರತೈತಿ. ಆ ಪೈಪಿಗೂ ಪೆಟ್ರೋಲಿನ ನಳಿಗೂ ನಡುವ ಒಂದು ಗೇಣು. ಮದಲನೇ ಸಲ ನೋಡಾಕ ಹೋದಾಗ ನಾ ಕೈ ಇಟ್ಟು ಅಳದು ನೋಡಿದ್ದೆ. "ಇದು ಗಾಡಿ ಅಲ್ಲ, ಒಲಿ ಮ್ಯಾಲ ಇಟ್ಟ ಕುರ್ಚಿ" ಅಂತ ಎಲ್ಲಾರ ಮುಂದ ಬೈದು ನಮ್ಮೂರು ಇಲಕಲ್ಲಿಗೆ ವಾಪಸ್ ಬಂದಿದ್ದೆ.

ದಸರಾ ಸೂಟಿಗೆ ಬರೋವಾಗ ಮಗಳು ಆ ಪೈಪನ್ನ ಬಿಚ್ಚಿ, ಗೋಣಿಚೀಲದಾಗ ಸುತ್ತಿ, ಬಸ್ಸಿನ್ಯಾಗ ತೊಡಿ ಮ್ಯಾಲ ಇಟಗೊಂಡು ಮನಿಗೆ ತಂದಳು. ಗುಜರಿಯಾಗ ಹುಡುಕಿ ತಂದ ಹಳೇ ಪೈಪು ಅದು. ಹಿನ್ನೀರಿನ ದಂಡಿಮ್ಯಾಲ ವರ್ಷಗಟ್ಟಲೆ ಬಿದ್ದಿತ್ತಂತ, ನಮ್ಮ ಕಡೆ ಜಂಗು ಅಂತೇವಲ್ಲ, ಆ ತುಕ್ಕು ಮೈತುಂಬ ಹಿಡದಿತ್ತು. ಅದನ್ನ ಸ್ವಚ್ಛ ಮಾಡಿ ಬಣ್ಣ ಹಚ್ಚೂದು ಈಕಿ ಪಾಲಿಗೆ ಬಂದ ಕೆಲಸ. ಎರಡು ದಿವಸ ಹಿತ್ತಲದಾಗ ಕುಂತು ತಂತಿ ಬ್ರಷ್ಷು, ಪಾಲಿಶ್ ಪೇಪರ್ ಹಿಡಕೊಂಡು ಗರಗರ ತಿಕ್ಕಿದಳು. ಮೂಗು, ಹುಬ್ಬು, ಕಿವಿ ಎಲ್ಲಾ ಕೆಂಪು ಪುಡಿ. ಮೂರನೇ ದಿವಸ ಗೆಳತಿ ಮನಿ ಮದುವಿ ಅಂತ ಬಾದಾಮಿಗೆ ಹೊಂಟು ನಿಂತಳು.

"ಅವ್ವಾ, ಅದನ್ನ ಮುಟ್ಟಬ್ಯಾಡ. ಬಂದು ಒಣಾ ಬಟ್ಟಿಲೆ ಒರಸಿ ಬಣ್ಣ ಹೊಡಿತೇನಿ," ಅಂದಳು.

ಮುಟ್ಟಬ್ಯಾಡ ಅಂದ್ರ ಮುಟ್ಟದ ಇರೂ ಪೈಕಿ ನಾ ಅಲ್ಲ.

ಮರುದಿವಸ ಮುಂಜಾನೆ ಹಬ್ಬದ ಸಲುವಾಗಿ ತಾಮ್ರದ ಹಂಡೆ, ಕೊಡ, ದೇವರ ಸಾಮಾನು ಹಿತ್ತಲಕ್ಕ ತಂದು ತಿಕ್ಕಾಕ ಕುಂತೆ. ಹುಣಸಿಹಣ್ಣು ನೆನಿಹಾಕಿ, ಕೈತುಂಬ ಉಪ್ಪು ಕೂಡಿಸಿ ತಿಕ್ಕಿದ್ರ ಎಂಥಾ ಕಿಲುಬೂ ಬಿಡತೈತಿ. ನಮ್ಮತ್ತಿ ಕಲಿಸಿದ್ದು ಅದು. ಬಾಜೂಕ ಈ ಪೈಪು ಬಿದ್ದಿತ್ತು. ಅಲ್ಲಲ್ಲಿ ಇನ್ನೂ ಕೆಂಪಗ ಕಲಿ ಕಾಣಸ್ತಿದ್ವು. ಇದೂ ಕಿಲುಬ ಅಲ್ಲೇನು ಅಂದೆ ಮನಸಿನ್ಯಾಗ. ಕನ್ನಡ ಅಕ್ಕೋರು ನಾನು, ಸಮಾನಾರ್ಥಕ ಪದ ಕಲಸೋವಾಗ ವರ್ಷಾ ವರ್ಷಾ ಬೋರ್ಡಿನ ಮ್ಯಾಲ "ಕಿಲುಬು – ತುಕ್ಕು" ಅಂತ ನನ್ನ ಕೈಲೇನ ಬರದೇನಿ. ಬೋರ್ಡಿನ ಮ್ಯಾಲ ಬರದದ್ದು ತಪ್ಪಿರಬಹುದು ಅಂತ ನಮ್ಮಂಥಾ ಮಂದಿಗೆ ಎಂದೂ ಅನಸಂಗಿಲ್ಲ.

ಹಂಡೆ ತಿಕ್ಕಿದಂಗ ಪೈಪನ್ನೂ ತಿಕ್ಕಿದೆ. ಆಹಾ, ಏನ ಹೊಳಪು! ಅಷ್ಟಕ್ಕ ಬಿಟ್ಟಿದ್ರ ಬ್ಯಾರೆ ಮಾತಿತ್ತು. ಮ್ಯಾಲಷ್ಟ ಸ್ವಚ್ಛ ಆದ್ರ ಏನ ಬಂತು ಅಂತ ಒಳಗೂ ಗಟ್ಟಿ ಹುಳಿ, ಉಪ್ಪು ಸುರುವಿ, ಎರಡೂ ತುದಿಗೆ ಚಿಂದಿ ತುರುಕಿ, ಮಧ್ಯಾಹ್ನದ ಮಟಾ ನೆನಿಯಾಕ ಬಿಟ್ಟೆ. ಪೈಪಿನ ದಪ್ಪನ ಕಡೆ ಒಳಗ ಹತ್ತಿ ಅರಳಿಯಂಥಾದ್ದು ಏನೋ ತುಂಬಿತ್ತು. ಅದು ಎಷ್ಟು ಕುಡೀತೋ ದೇವರಿಗೇ ಗೊತ್ತು. ಆಮ್ಯಾಲ ಒಂದು ಕೊಡ ನೀರು ಹಾಕಿ ಬಗ್ಗಿಸಿ ಬಿಸಲಿಗೆ ಇಟ್ಟೆ. ಹುಳಿ ಇನ್ನೂ ಉಳದಿತ್ತು, ಚೆಲ್ಲೂದು ಯಾಕ ಅಂತ ನನ್ನ ಸ್ಕೂಟರಿನ ಸೈಲೆನ್ಸರಿಗೂ ಒಳಗ ಹೊರಗ ಅದ ಉಪಚಾರ ಮಾಡಿದೆ.

ಯಾಕ ಮಾಡಿದೆ ಅಂತ ಈಗ ಯಾರರೆ ಕೇಳಿದ್ರ ಖರೆ ಹೇಳ್ತೇನಿ, ಬರೇ ಸ್ವಚ್ಛದ ಹುಚ್ಚು ಅಲ್ಲ ಅದು. ಮಗಳ ಬೆನ್ನಿಗೆ ಹತ್ತಿಕೊಂಡಿರೂ ಸಾಮಾನು, ಒಂದ್ಸಲ ನನ್ನ ಕೈ ಅದರ ಮ್ಯಾಲ ಆಡಿದ್ರ ಆಕಿನ್ನ ಕಾಯತೈತಿ ಅಂತ ಅನಿಸಿತ್ತು. ಮಂದಿ ತಾಯತ ಕಟ್ಟತಾರಲ್ಲ, ಹಂಗ.

ಮಗಳು ಬಂದು ನೋಡಿ ಬಾಯಿ ಮ್ಯಾಲ ಕೈ ಇಟಗೊಂಡಳು. "ಅವ್ವಾ! ಏನ ಹಚ್ಚಿದಿ ಇದಕ್ಕ?"

ಬ್ಯಾಡ ಅಂದದ್ದನ್ನ ಮಾಡಿದ್ನಲ್ಲ, ಅದಕ್ಕ ನನ್ನ ದನಿ ತಾನ ಏರಿತು. "ಏನ ಹಚ್ಚಲಿ? ರಟ್ಟಿ ಮುರದು ತಿಕ್ಕೇನಿ. ನಿನ್ನಂಗ ಮೈಗಳ್ಳಿ ಅಂತ ತಿಳದಿ ಏನು?" ಅಂದೆ. ಆಕಿ ತಲಿ ಕೆಳಗ ಹಾಕಿ ಬಣ್ಣದ ಡಬ್ಬಿ ತೆರದಳು. ಬಣ್ಣ ಒಣಗಿದ ಮ್ಯಾಲ ಬಿಸಿ ತಡಿಯೂ ಪಟ್ಟಿ ಸುತ್ತಿದಳು. ಆ ಪಟ್ಟಿಗೆ ಆಕಿ ಗೆಳೆಯರೆಲ್ಲಾ ಬ್ಯಾಂಡೇಜ್ ಅಂತಿದ್ರು. ಒಂದು ಬಟ್ಟಿನಷ್ಟೂ ಕಾಣದಂಗ ಪೈಪು ಮುಚ್ಚಿಹೋತು.

ಸಂಕ್ರಾಂತಿ ಮುಗದ ಮ್ಯಾಲ ಒಂದು ಶನಿವಾರ ಕಾರ್ಟಿನ ಕಡೀ ಪರೀಕ್ಷಾ ಅಂತ ಗೊತ್ತಾತು. ನವನಗರದ ಆಚಿ ಕಡೆ, ಮನಿ ಇನ್ನೂ ಎದ್ದಿರದ ಹೊಸ ಲೇಔಟಿನ ರಸ್ತಾದಾಗ ಹನ್ನೊಂದು ಗಂಟೆಕ್ಕ ಓಡಸೂದು. "ಬಾ ಅವ್ವಾ" ಅಂತ ಫೋನಿನ್ಯಾಗ ಎಷ್ಟು ಕರದಳು. ನಾ ಬರಂಗಿಲ್ಲ ಅಂದುಬಿಟ್ಟೆ. ನೋಡಾಕ ನನಗ ಧೈರ್ಯ ಇರಲಿಲ್ಲ.

ಆ ಶನಿವಾರ ಮುಂಜಾನಿ ಸಾಲಿ. ಇಲಕಲ್ಲಿಂದ ಸ್ಕೂಟರ್ ಮ್ಯಾಲ ಹೊಂಟಿದ್ದೆ. ಎರಡು ದಿವಸದಿಂದ ಗಾಡಿ ಸದ್ದಿನ ಒಳಗ ಇನ್ನೊಂದು ಸದ್ದು ಇತ್ತು, ಫಟ್ ಫಟ್ ಅಂತ. ಹುನಗುಂದ ಬಸ್ ಸ್ಟ್ಯಾಂಡಿನ ಹತ್ರ ಬಂದಾಗ ಢಮ್ ಅಂದು ಊರಿಗೆಲ್ಲಾ ಕೇಳೂವಂಗ ಒದರಾಕ ಹತ್ತಿತು. ಅಲ್ಲೇ ವೆಲ್ಡಿಂಗ್ ಅಂಗಡಿಗೆ ಬಿಟ್ಟು ನಡಕೋತ ಸಾಲಿಗೆ ಹೋದೆ. ಒಂಬತ್ತೂವರಿಗೆ ಸಣ್ಣ ಸೂಟಿ ಬಿಟ್ಟಾಗ ನೋಡಿ ಬಂದ್ರಾತು ಅಂತ ಮತ್ತ ಹೋದೆ.

ವೆಲ್ಡಿಂಗಿನ ಯಜಮಾನ್ರು ಸೈಲೆನ್ಸರ್ ಬಿಚ್ಚಿ ಮುಂದ ಇಟಗೊಂಡು ಕುಂತಿದ್ರು. "ಅಕ್ಕೋರ, ಇದಕ್ಕ ಉಪ್ಪು ಯಾಕ ತಿನಿಸೀರಿ?" ಅಂದ್ರು. ಸ್ಕ್ರೂಡ್ರೈವರ್ ತಗೊಂಡು ಚುಚ್ಚಿ ತೋರಿಸಿದ್ರು. ಹಪ್ಪಳ ಮುರದಂಗ ಮುರದು ಒಳಗ ಹೋತು.

ನಾ ನಕ್ಕೋತ ಹುಣಸಿಹಣ್ಣಿನ ಕತಿ ಹೇಳಿದೆ. ಅವರೂ ನಕ್ಕರು. "ತಾಮ್ರ ಬ್ಯಾರೆ, ಕಬ್ಬಿಣ ಬ್ಯಾರೆ ಅಕ್ಕೋರ. ತಾಮ್ರದ ಕಿಲುಬು ಮ್ಯಾಗಿಂದ ಮ್ಯಾಗ ಕುಂತಿರತೈತಿ, ತೊಳದ್ರ ಹೋಗತೈತಿ. ಕಬ್ಬಿಣದ ಜಂಗು ಹಂಗಲ್ರಿ, ಒಳಗ ಹೊಕ್ಕೊಂಡು ತಿಂತೈತಿ. ಅದಕ್ಕ ಉಪ್ಪು ಸಿಕ್ಕಿತಂದ್ರ ಮುಗದ ಹೋತು. ಬಿಸಿ ಆದಂಗ ಆದಂಗ ಇನ್ನೂ ಜೋರ್ ತಿಂತೈತಿ."

ನನ್ನ ನಗಿ ಎಲ್ಲಿ ಹೋತೋ. "ಅದರ ಮ್ಯಾಲ... ಪಟ್ಟಿ ಸುತ್ತಿದ್ರ?" ಅಂದೆ.

"ಸುತ್ತಿದ್ರ ಒಡಿಯೂತನಕ ಯಾರಿಗೂ ಗೊತ್ತಾಗಂಗಿಲ್ಲ."

"ಒಡದ್ರ ಏನಾಗತೈತ್ರಿ?"

"ಒಡದಲ್ಲಿಂದ ಬೆಂಕಿಯಂಥಾ ಗಾಳಿ ಹೊರಗ ಬೀಳತೈತಿ. ನಿಮ್ಮ ಸ್ಕೂಟರಿಂದು ನೆಲದ ಕಡೆ ಒಡದೈತಿ, ನಿಮ್ಮ ಪುಣ್ಯಾ ದೊಡ್ಡದು."

ಒಂದು ಗೇಣು. ನನ್ನ ಕೈ ನನ್ನ ಕಣ್ಣ ಮುಂದ ಬಂತು, ಹೆಬ್ಬಟ್ಟು ಪೈಪಿಗೆ, ಕಿರಿಬಟ್ಟು ಪೆಟ್ರೋಲಿನ ನಳಿಗೆ. ಮಗಳಿಗೆ ಫೋನ್ ಹಚ್ಚಿದೆ. ರಿಂಗ್ ಆಗತೈತಿ, ಎತ್ತವಲ್ಲಳು. ಓಡಸೂವಾಗ ಫೋನ್ ಚೀಲದಾಗ ಇಡ್ತೇವಿ ಅಂತ ಆಕೀನ ಹೇಳಿದ್ದಳು. ಬ್ಯಾರೆ ಯಾರಿಗರೆ ಹಚ್ಚಬೇಕಂದ್ರ ಆಕಿ ಗೆಳೆಯರದು ಒಬ್ಬರದೂ ನಂಬರ್ ನನ್ನ ಹತ್ರ ಇಲ್ಲ. ಆ ಕಾರ್ಟಿನ ಮ್ಯಾಲಿನ ಸಿಟ್ಟಿಗೆ ನಾ ಎಂದೂ ಕೇಳಿರಲಿಲ್ಲ. ನನ್ನ ಗಾಡಿ ನೋಡಿದ್ರ ಬಿಚ್ಚಿ ಬಿದ್ದಿತ್ತು. ಹೆಡ್ ಮಾಸ್ತರಿಗೆ ಫೋನ್ ಮಾಡಿ, ಏನ ಹೇಳಿದ್ನೋ ನನಗ ನೆನಪಿಲ್ಲ, ಬಾಗಲಕೋಟಿ ಬಸ್ಸು ಹತ್ತಿಬಿಟ್ಟೆ.

ಆ ಬಸ್ಸಿನ್ಯಾಗ ಕುಂತ ಒಂದು ತಾಸು ನನ್ನ ವೈರಿಗೂ ಬ್ಯಾಡ. ಅಮೀನಗಡದಾಗ ನಿಲ್ಲಿಸಿದ, ಯಾರೋ ಕರದಂಟಿನ ಡಬ್ಬಿ ಏರಸಾಕ ಹತ್ತಿದ್ರು, ಕಂಡಕ್ಟರ್ ಚಾ ಕುಡಿಯಾಕ ಇಳದ. ಅವನ ಮ್ಯಾಲ ಹರಿಹಾಯ್ದೆ. "ಏನ್ರಿ ಅಕ್ಕೋರ, ನಿಮಗೊಬ್ಬರಿಗೇ ಅವಸರ ಏನು?" ಅಂದ. ಹೌದಪಾ, ನನಗೊಬ್ಬಾಕಿಗೇ ಅವಸರ ಅಂತ ಅಳು ಬಂತು. ಕಮತಗಿ ದಾಟಿತು. ಮತ್ತ ಫೋನ್ ಹಚ್ಚಿದೆ, ಮತ್ತ ಹಚ್ಚಿದೆ. ಆಕಿನ್ನ ಕುರ್ಚಿಗೆ ಪಟ್ಟಾ ಹಾಕಿ ಬಿಗೀತಾರ, ಬೆಂಕಿ ಹತ್ತಿದ್ರ ಅದನ್ನ ಬಿಚ್ಚೂದು ಎಷ್ಟೊತ್ತಿನ ಕೆಲಸ ಅನ್ನೂದ ಒಂದ ಲೆಕ್ಕ ತಲ್ಯಾಗ. ತಾಯಿ ಬನಶಂಕರಿ, ನನ್ನ ಕೈಯಾರ ನಾನ ಮಾಡೇನಿ, ನನಗ ಏನಾರ ಮಾಡು, ಆಕಿನ್ನ ಉಳಸು ಅಂತ ಬೇಡಕೋತ ಕುಂತೆ.

ಬಾಗಲಕೋಟ್ಯಾಗ ಇಳದು ಆಟೋ ಹಿಡದು ಲೇಔಟಿಗೆ ಹೋಗೂದ್ರಾಗ ಹನ್ನೊಂದು ದಾಟಿತ್ತು. ದೂರದಿಂದನ ಸದ್ದು ಕೇಳಿತು. ಜೀವ ಒಂದೀಟು ತಣ್ಣಗಾತು, ಸದ್ದು ಐತಿ ಅಂದ್ರ ಓಡಾಕ ಹತ್ತೈತಿ, ಆಕಿ ಆರಾಮ ಅದಾಳ. ಆಟೋ ಇಳದು ಹತ್ರ ಹೋದಂಗ ಆ ಸದ್ದಿನ ಒಳಗ ಇನ್ನೊಂದು ಸದ್ದು ಕೇಳಿಸ್ತು. ಫಟ್ ಫಟ್. ಎರಡು ದಿವಸ ನನ್ನ ಕಾಲ ಕೆಳಗ ಕೇಳಿದ ಅದ ಸದ್ದು.

ನಾ ಓಡಿದೆ. ಐವತ್ತರ ಹತ್ರ ಬಂದಾಕಿ, ಚಪ್ಪಲ್ ಬಿಟ್ಟು ಓಡಿದೆ. ಕಾಲೇಜಿನ ಹುಡುಗುರು "ಆಂಟಿ, ಸರೀರಿ! ಆಂಟಿ!" ಅಂತ ಚೀರಿದ್ರು. ತಿರುವಿನಿಂದ ಕಾರ್ಟ್ ಬರಾಕ ಹತ್ತಿತ್ತು. ರಸ್ತಾದ ನಡುವ ನಿಂತು ಸೆರಗು ಬಿಚ್ಚಿ ಎರಡೂ ಕೈಲೆ ಬೀಸಿದೆ. ಇಲಕಲ್ಲ ಸೀರಿ ಸೆರಗು ಕೆಂಪಗ ಇರತೈತಲ್ಲ, ಅವರ ಆಟದಾಗ ಕೆಂಪು ಬಾವುಟ ಅಂದ್ರ ನಿಲ್ಲಂತ ಅರ್ಥ ಐತಿ ಅನ್ನೂದು ನನಗ ಆಗ ಗೊತ್ತಿರಲಿಲ್ಲ. ಗಾಲಿ ಕಿರ್ರ್ ಅಂದು, ಗಾಡಿ ಅಡ್ಡ ತಿರುಗಿ, ನನ್ನಿಂದ ಎರಡು ಮಾರು ಆಚಿ ನಿಂತಿತು.

"ಬಂದ್ ಮಾಡು! ಇಳಿ ಮದಲ! ಪೈಪಿಗೆ ಉಪ್ಪು ಹಚ್ಚೇನಿ ನಾ!" ಅಂತ ಒದರಿದೆ. ಪಟ್ಟಾ ಬಿಚ್ಚಾಕ ಹೋದ್ರ ಅದು ಹೆಂಗ ಬಿಚ್ಚೂದು ನನಗ ತಿಳೀವಲ್ದು. ಆಕೀನ ಬಿಚ್ಚಿಕೊಂಡು ಹೊರಗ ಬಂದಳು.

ಪೈಪು ಆರಿದ ಮ್ಯಾಲ ಹುಡುಗುರು ಬ್ಯಾಂಡೇಜ್ ಬಿಚ್ಚಿದ್ರು. ಪಟ್ಟಿ ಜೋಡಿ ಜಂಗಿನ ಪುಡಿ ಪದರು ಪದರು ಉದುರಿತು. ಪೈಪಿನ ಬಗಲಾಗ ಒಂದು ಬಟ್ಟು ಉದ್ದ ಸೀಳಿತ್ತು. ಅದರ ಎದುರಿಗೆ ಪೆಟ್ರೋಲಿನ ನಳಿ. ಆ ನಳಿ ಒಂದು ಕಡೆ ಕಂದು ಬಣ್ಣಕ್ಕ ತಿರುಗಿ, ಒತ್ತಿದ್ರ ಮೆತ್ತಗ ಆಗಿತ್ತು. ಅದನ್ನ ನೋಡಿದ್ದ ತಡ, ಅಲ್ಲೇ ಡಾಂಬರಿನ ಮ್ಯಾಲ ಕುಂತೆ. ಕುಂತಲ್ಲೇ ಎಲ್ಲಾರ ಮುಂದ ಎಲ್ಲಾ ಹೇಳಿದೆ, ಹುಣಸಿಹಣ್ಣು, ಉಪ್ಪು, ಚಿಂದಿ ತುರುಕಿದ್ದು, ಒಂದೂ ಬಿಡಲಿಲ್ಲ.

ಮಗಳು ಹೆಲ್ಮೆಟ್ ತಗದು ನನ್ನ ಬಾಜೂಕ ಕುಂತಳು. "ನನಗ ಗೊತ್ತಿತ್ತವ್ವಾ," ಅಂದಳು.

"ಏನು?"

"ಮದಲನೇ ಸಲ ಇಂಜಿನ್ ಚಾಲೂ ಮಾಡಿದಾಗ ಹುಣಸಿಹುಳಿ ಕಾದ ವಾಸನಿ ಬಂತು. ನಮ್ಮ ಮನಿ ಸಾರಿನ ವಾಸನಿ. ಇವರೆಲ್ಲಾ ಯಾರ ಊಟದ ಡಬ್ಬಿಲೇ ಅದು ಅಂತ ನಕ್ಕರು. ನನಗ ತಿಳೀತು."

"ತಿಳದೂ ಬಿಚ್ಚಿ ನೋಡಲಿಲ್ಲಲೇ?"

"ಇಷ್ಟು ತಿಂದೈತಿ ಅಂತ ಗೊತ್ತಿರಲಿಲ್ಲ. ಬಿಚ್ಚಿದ್ರ ಇವರು ಕೇಳ್ತಿದ್ರು, ನಾ ನಿನಗ ಹೇಳಬೇಕಾಗ್ತಿತ್ತು. ಹೇಳಿದ್ರ ನೀ ಸಿಟ್ಟಿಗೇಳ್ತಿದ್ದಿ. ಇವತ್ತೊಂದು ದಿವಸ ಮುಗೀಲಿ, ಆಮ್ಯಾಲ ನಿನಗ ಗೊತ್ತಾಗದಂಗ ಪೈಪು ಬದಲಿ ಮಾಡೂಣು ಅಂತ ಮಾಡಿದ್ದೆ."

ಬಸ್ಸಿನ್ಯಾಗ ಹತ್ತಿದ ಅಂಜಿಕಿ ಏನೂ ಅಲ್ಲ ಇದರ ಮುಂದ. ತಿಂಗಳುಗಟ್ಟಲೆ ನಾ ಆ ಗಾಡಿಗೆ ಅಂಜಿದ್ದೆ, ಪೆಟ್ರೋಲಿಗೆ ಅಂಜಿದ್ದೆ. ನನ್ನ ಮಗಳು ಅವೆರಡಕ್ಕೂ ಅಂಜಿರಲಿಲ್ಲ. ಆಕಿ ಅಂಜಿದ್ದು ನನಗ. ನನ್ನ ಬಾಯಿಗೆ ಅಂಜಿ ಬೆಂಕಿಯಿಂದ ಒಂದು ಗೇಣು ದೂರದಾಗ ಹೋಗಿ ಕುಂತಿದ್ದಳು.

ಆಕಿ ತಲಿ ಕೆಳಗ ಹಾಕಿದ್ದಳು, ದಸರಾದಾಗ ಹಿತ್ತಲದಾಗ ಹಾಕಿದ್ದಳಲ್ಲ, ಹಂಗ. "ಬೈದುಬಿಡವ್ವಾ, ಇಲ್ಲೇ ಬೈದು ಮುಗಸು. ಮನಿಗೆ ಹೋದ ಮ್ಯಾಲ ಬ್ಯಾಡ," ಅಂದಳು.

ಬೈಯಾಕ ಬಾಯಿ ತೆರದೆ. ಆಕಿ ಕೈ ಹಿಡಕೊಂಡೆ, ಬಟ್ಟಿನ ಸಂದ್ಯಾಗ ಎಲ್ಲಾ ಜಂಗಿನ ಕೆಂಪು. "ತಪ್ಪು ನಂದವ್ವಾ. ನಂದ ತಪ್ಪು," ಅಂದೆ.

ಆಕಿ ಗಾಬರಿ ಆಗಿ ನನ್ನ ಮಾರಿ ನೋಡಿದಳು. ಅಷ್ಟೊತ್ತಿನ ಮಟಾ ಆಕಿ ಕಣ್ಣಾಗ ಇರದ ಅಂಜಿಕಿ ಆಗ ಬಂತು. ನನ್ನ ಹಣಿ ಮುಟ್ಟಿ ನೋಡಿ, "ಅವ್ವಾ, ನಿನಗ ಆರಾಮ ಐತಿಲ್ಲ? ದವಾಖಾನಿಗೆ ಹೋಗೂಣೇನು?" ಅಂದಳು.